ಚುಕ್ಕೆ ಹಡಗಿನದೋ, ಹಿಮಬಂಡೆಯದೋ? ಉಪಗ್ರಹ ಚಿತ್ರದಲ್ಲಿ ಗುರುತಿಸುವ ಬಗೆ

ಗ್ರೀನ್‌ಲ್ಯಾಂಡಿನ ಹಿಮನದಿಗಳಿಂದ ಕಳಚಿಕೊಂಡ ಹಿಮಬಂಡೆಗಳು ಲ್ಯಾಬ್ರಡಾರ್ ಪ್ರವಾಹದ ಜೊತೆ ತೇಲುತ್ತಾ ಕೆನಡಾದ ನ್ಯೂಫೌಂಡ್‌ಲ್ಯಾಂಡ್ ಆಚೆಯ ಗ್ರ್ಯಾಂಡ್ ಬ್ಯಾಂಕ್ಸ್ ಕಡಲಿಗೆ ಇಳಿಯುತ್ತವೆ. ಸರಕು ಹಡಗು, ಮೀನುಗಾರಿಕೆ ದೋಣಿ, ತೈಲ ವೇದಿಕೆಗಳೂ ಅಲ್ಲೇ ಇವೆ. ಸುಮಾರು 700 ಕಿ.ಮೀ. ಎತ್ತರದಿಂದ ನೋಡಿದಾಗ ಇವೆಲ್ಲ ಕಪ್ಪು ನೀರಿನ ಮೇಲೆ ಬಿಳಿ ಚುಕ್ಕೆಗಳು. ಯಾವುದೇ ಒಂದು ಗುರುತನ್ನು ನಂಬಿ ತೀರ್ಮಾನಿಸಿದರೆ ತಪ್ಪುತ್ತೇವೆ. ನಾಲ್ಕೈದು ಪರೀಕ್ಷೆಗಳನ್ನು ಒಂದರ ಮೇಲೊಂದು ಮಾಡಬೇಕು.

ಮೊದಲು ಚಿತ್ರದ ಆಯ್ಕೆ. ಈ ಕಡಲಿನಲ್ಲಿ ಮಂಜು, ಮೋಡ ಹೆಚ್ಚು. ಹಾಗಾಗಿ ಸಾಮಾನ್ಯ ಕ್ಯಾಮೆರಾ ಚಿತ್ರವನ್ನು ನೆಚ್ಚಿಕೊಳ್ಳುವಂತಿಲ್ಲ, ರೇಡಾರ್ ಚಿತ್ರವೇ ಬೇಕು. ಯುರೋಪಿನ ಸೆಂಟಿನೆಲ್-1 ಉಪಗ್ರಹದ ಚಿತ್ರಗಳು ಕೋಪರ್ನಿಕಸ್ ತಾಣದಲ್ಲಿ ಉಚಿತವಾಗಿ ಸಿಗುತ್ತವೆ. 250 ಕಿ.ಮೀ. ಅಗಲದ ಪಟ್ಟಿಯನ್ನು ಸೆರೆಹಿಡಿಯುವ ಐಡಬ್ಲ್ಯೂ ವಿಧಾನದ ಜಿಆರ್‌ಡಿ ಕಡತ (ನೆಲದ ಅಳತೆಗೆ ಹೊಂದಿಸಿದ ಚಿತ್ರ) ತೆಗೆದುಕೊಳ್ಳಿ. ಅದರಲ್ಲಿ ಪಿಕ್ಸೆಲ್ ಅಂತರ 10 ಮೀಟರ್. ಎಚ್‌ಎಚ್ ಮತ್ತು ಎಚ್‌ವಿ ಎರಡೂ ಪಟ್ಟಿಗಳಿರಲಿ. ಎಚ್‌ಎಚ್ ಎಂದರೆ ಅಡ್ಡಲಾಗಿ ಕಂಪಿಸುವ ಅಲೆಯನ್ನು ಕಳಿಸಿ ಅಡ್ಡಲಾಗಿಯೇ ಹಿಡಿಯುವುದು. ಎಚ್‌ವಿ ಎಂದರೆ ಅಡ್ಡಲಾಗಿ ಕಳಿಸಿ ಲಂಬವಾಗಿ ಹಿಡಿಯುವುದು.

ಎರಡನೆಯದು ಚಿತ್ರವನ್ನು ಹದಗೊಳಿಸುವುದು. ಸ್ನ್ಯಾಪ್ ಎಂಬ ಉಚಿತ ತಂತ್ರಾಂಶದಲ್ಲಿ ಉಪಗ್ರಹದ ನಿಖರ ಸ್ಥಾನ ತಿಳಿಸುವ ಕಕ್ಷೆಯ ಕಡತ ಸೇರಿಸಿ, ಉಪಕರಣದ್ದೇ ಆದ ಉಷ್ಣ ಗದ್ದಲ ತೆಗೆದು, ಕ್ಯಾಲಿಬ್ರೇಷನ್ ಮಾಡಿ (ಪಿಕ್ಸೆಲ್ ಅಂಕಿಗಳನ್ನು ನಿಜವಾದ ಹೊಳಪಿನ ಅಳತೆಗೆ ತಂದು), ನೆಲದ ಭಾಗವನ್ನು ಮರೆಮಾಡಿ. ಉಷ್ಣ ಗದ್ದಲ ಉಳಿದರೆ ಎಚ್‌ವಿ ಚಿತ್ರದಲ್ಲಿ ಉದ್ದುದ್ದ ಪಟ್ಟೆಗಳು ಮೂಡಿ ಸುಳ್ಳು ಚುಕ್ಕೆ ಹುಟ್ಟಿಸುತ್ತವೆ. ಹಲವರು ಇಲ್ಲೇ ಚಿತ್ರವನ್ನು ನುಣುಪಾಗಿಸುವ ಫಿಲ್ಟರ್ ಹಾಕುತ್ತಾರೆ. ದಯವಿಟ್ಟು ಬೇಡ. ಮೂರು ಪಿಕ್ಸೆಲ್ ಉದ್ದದ ವಸ್ತು ಅದರಲ್ಲಿ ಕರಗಿಯೇ ಹೋಗುತ್ತದೆ.

ಮೂರನೆಯದು ಚುಕ್ಕೆಗಳನ್ನು ಹೆಕ್ಕುವುದು. ಪ್ರತಿ ಪಿಕ್ಸೆಲ್ಲಿನ ಹೊಳಪನ್ನು ಸುತ್ತಲಿನ ನೀರಿನ ಹೊಳಪಿಗೆ ಹೋಲಿಸಿ, ಒಂದು ಮಿತಿ ಮೀರಿದ್ದನ್ನು ಹೆಕ್ಕುವ ವಿಧಾನವಿದು. ಸ್ನ್ಯಾಪ್‌ನಲ್ಲಿ ಮೂರು ಚೌಕಗಳ ಅಳತೆ ಕೊಡಬೇಕು: ವಸ್ತುವಿಗೆ 50 ಮೀಟರ್, ವಸ್ತುವಿನ ಸುತ್ತ ಲೆಕ್ಕಕ್ಕೆ ಹಿಡಿಯದೆ ಬಿಡುವ ಕಾವಲು ಚೌಕಕ್ಕೆ 500, ಹಿನ್ನೆಲೆಯ ನೀರಿಗೆ 800. ಕಾವಲು ಚೌಕ ವಸ್ತುವಿಗಿಂತ ದೊಡ್ಡದಿರಲೇಬೇಕು. ಇಲ್ಲದಿದ್ದರೆ ವಸ್ತುವಿನ ಹೊಳಪೇ ಹಿನ್ನೆಲೆಗೆ ಸೇರಿ ಮಿತಿ ಏರುತ್ತದೆ, ವಸ್ತು ಸೋಸಿಹೋಗುತ್ತದೆ. ಬಂಡೆಗಳು ಗುಂಪಾಗಿದ್ದಾಗಲೂ ಇದೇ ತೊಂದರೆ. ಒಂದರ ಹೊಳಪು ಪಕ್ಕದ್ದನ್ನು ಅಡಗಿಸುತ್ತದೆ. ಸುಳ್ಳು ಎಚ್ಚರಿಕೆಯ ಮಿತಿಯನ್ನು 6.5 (ಅಂದರೆ 10ರ ಘಾತ −6.5) ಎಂದಿಟ್ಟರೆ ಸುಮಾರು 32 ಲಕ್ಷ ಪಿಕ್ಸೆಲ್ಲಿಗೆ ಒಂದು ತಪ್ಪು ಎಂದರ್ಥ. ಒಂದು ಚಿತ್ರದಲ್ಲಿ 40 ಕೋಟಿಗೂ ಹೆಚ್ಚು ಪಿಕ್ಸೆಲ್ ಇರುತ್ತವೆ. ಎಲ್ಲ ಸರಿಯಾಗಿದ್ದರೂ ನೂರಕ್ಕೂ ಹೆಚ್ಚು ಸುಳ್ಳು ಚುಕ್ಕೆ ಬರುವ ಲೆಕ್ಕವಿದು, ಗಾಬರಿ ಬೇಡ.

ನಾಲ್ಕನೆಯ ಹೆಜ್ಜೆ ಗೊತ್ತಿರುವುದನ್ನು ಕಳೆಯುವುದು. ಹೈಬರ್ನಿಯಾದಂಥ ತೈಲ ವೇದಿಕೆಗಳ ಸ್ಥಾನ ಬದಲಾಗುವುದಿಲ್ಲ, ಅವನ್ನು ಮೊದಲೇ ಅಳಿಸಿ. ಆಮೇಲೆ ಹಡಗುಗಳು ತಮ್ಮ ಗುರುತು, ಸ್ಥಾನವನ್ನು ತಾವೇ ಬಿತ್ತರಿಸುವ ಎಐಎಸ್ ಸಂಕೇತಕ್ಕೆ ಹೊಂದುವ ಚುಕ್ಕೆಗಳನ್ನು ಕಳೆಯಿರಿ. ಅಂತರರಾಷ್ಟ್ರೀಯ ಯಾನದ 300 ಟನ್ನೇಜ್ ಮೇಲ್ಪಟ್ಟ ಹಡಗುಗಳಿಗೆ ಇದು ಕಡ್ಡಾಯ. ಎಐಎಸ್ ಸ್ಥಾನವನ್ನು ಚಿತ್ರ ತೆಗೆದ ಕ್ಷಣಕ್ಕೆ ಹೊಂದಿಸಿದರೂ ಚುಕ್ಕೆ ಅಲ್ಲಿರದೆ ಹೋಗಬಹುದು. ರೇಡಾರಿನತ್ತ ಅಥವಾ ರೇಡಾರಿನಿಂದಾಚೆ ಚಲಿಸುವ ವಸ್ತು ಚಿತ್ರದಲ್ಲಿ ಉಪಗ್ರಹದ ಹಾದಿಯುದ್ದಕ್ಕೂ ಜರುಗಿ ಕಾಣುವುದೇ ಕಾರಣ. 10 ನಾಟ್ ವೇಗದಲ್ಲಿ ನೇರ ರೇಡಾರಿನತ್ತ ಬರುವ ಹಡಗು 350ರಿಂದ 400 ಮೀಟರ್ ಪಕ್ಕಕ್ಕೆ ಸರಿದಿರುತ್ತದೆ. ಹಡಗು ಬಿಟ್ಟುಹೋದ ನೀರಿನ ಜಾಡು ಒಂದು ಕಡೆ, ಹಡಗು ಇನ್ನೊಂದು ಕಡೆ ಕಂಡರೆ ಅದು ಹಡಗೇ. ನಿಧಾನವಾಗಿ ತೇಲುವ ಬಂಡೆಗೆ ಅಂಥ ಜಾಡಿಲ್ಲ. ಸಣ್ಣ ದೋಣಿಗಳಲ್ಲಿ ಎಐಎಸ್ ಇರದಿರಬಹುದು, ಇದ್ದರೂ ಆರಿರಬಹುದು. ಆದ್ದರಿಂದ ಸಂಕೇತ ಸಿಗದ ಚುಕ್ಕೆಗಳೆಲ್ಲ ಹಿಮಬಂಡೆಗಳೆಂದು ಬರೆಯಬೇಡಿ.

ಇನ್ನು ಉಳಿದ ಚುಕ್ಕೆಯನ್ನು ಹಿಗ್ಗಿಸಿ ನೋಡಿ. 150 ಮೀಟರ್ ಉದ್ದದ ಸರಕು ಹಡಗು ಹದಿನೈದು ಪಿಕ್ಸೆಲ್ ಉದ್ದ, ಎರಡು ಮೂರು ಪಿಕ್ಸೆಲ್ ಅಗಲದ ಗೆರೆಯಂತೆ ಕಾಣುತ್ತದೆ. ಲೋಹದ ಗೋಡೆ ಮತ್ತು ಡೆಕ್ ಸೇರುವ ಮೂಲೆಗಳಿಂದ ಅಲೆ ನೇರವಾಗಿ ಮರಳುವುದರಿಂದ ಒಂದೆರಡು ಕಡೆ ಬೆಂಕಿಕಿಡಿಯಂಥ ಹೊಳಪು. ಹೊಳಪು ಅತಿಯಾದರೆ ಶಿಲುಬೆಯಾಕಾರದ ಕಿರಣಗಳೂ ಹೊಮ್ಮುತ್ತವೆ. ಉದ್ದ ಅಳೆಯುವಾಗ ಈ ಕಿರಣಗಳನ್ನು ಬಿಡಿ. ಹಿಮಬಂಡೆ ಗುಂಡಗೆ ಅಥವಾ ಒಡ್ಡೊಡ್ಡಾಗಿ, ರೇಡಾರಿನ ಕಡೆಯ ಮೈ ಬೆಳ್ಳಗೆ, ಆಚೆಯ ಮೈ ಮಂಕಾಗಿ ಇರುತ್ತದೆ. ಅಗಲವೇ ಅತ್ಯಂತ ಗಟ್ಟಿ ಗುರುತು. ಅತಿ ದೊಡ್ಡ ಕಂಟೇನರ್ ಹಡಗು 400 ಮೀಟರ್ ಉದ್ದವಿದ್ದರೂ ಅಗಲ 61 ಮೀಟರ್ ಆಸುಪಾಸು. 150 ಮೀಟರ್ ಅಗಲದ ಚುಕ್ಕೆ ಹಡಗಾಗಲಾರದು.

ಆಮೇಲೆ ಎರಡು ಪಟ್ಟಿಗಳನ್ನೂ ಪಕ್ಕಪಕ್ಕ ಇಡಿ. ಗಾಳಿ ಬೀಸಿದಾಗ ಎಚ್‌ಎಚ್‌ನಲ್ಲಿ ಕಡಲೇ ಬೆಳಗುತ್ತದೆ. ಎಚ್‌ವಿಯಲ್ಲಿ ನೀರು ಬಹುಮಟ್ಟಿಗೆ ಕಪ್ಪಾಗಿಯೇ ಉಳಿಯುವುದರಿಂದ ಸಣ್ಣ ವಸ್ತುಗಳು ಅಲ್ಲಿ ಎದ್ದುಕಾಣುತ್ತವೆ. ಚಳಿಗಾಲದ ಒಣ ಬಂಡೆಯೊಳಗೆ ಈ ರೇಡಾರಿನ 5.5 ಸೆಂ.ಮೀ. ಉದ್ದದ ಅಲೆ ಇಳಿದು ಒಳಗೊಳಗೇ ಚದುರಿ ಹೊರಬರುತ್ತದೆ, ಅದರಿಂದ ಹರಡಿದ, ಸಮನಾದ ಹೊಳಪು ಸಿಗುತ್ತದೆ. ಬೇಸಿಗೆಯಲ್ಲಿ ಮೈ ಕರಗಿ ಒದ್ದೆಯಾದರೆ ಅಲೆ ಒಳಗೆ ಇಳಿಯದು. ಹೊಳಪು ತಗ್ಗುತ್ತದೆ, ಗಾಳಿಯ ಕಡಲಲ್ಲಿ ಬಂಡೆ ಕಾಣದೆಯೇ ಹೋಗಬಹುದು. ಹೀಗಾಗಿ ಹೊಳಪಿನ ಒಂದೇ ಮಿತಿಯನ್ನು ವರ್ಷವಿಡೀ ಬಳಸುವುದು ತಪ್ಪು.

ಉದ್ದ 30 ಮೀಟರಿಗಿಂತ ಕಡಿಮೆಯಿದ್ದರೆ ಆಕಾರ ನೋಡಿ ಹೇಳುವುದು ಆಗದ ಮಾತು. ಪಿಕ್ಸೆಲ್ ಅಂತರ 10 ಮೀಟರ್ ಇದ್ದರೂ ಈ ಚಿತ್ರದ ನಿಜವಾದ ಸೂಕ್ಷ್ಮತೆ, ಅಂದರೆ ಬಿಡಿಸಿ ತೋರಿಸಬಲ್ಲ ಅತಿ ಚಿಕ್ಕ ಅಂತರ, 20 ಮೀಟರ್ ಆಸುಪಾಸು. ಐದು ಮೀಟರಿಗಿಂತ ಚಿಕ್ಕದಾದ, ನಾವಿಕರು ಗ್ರೌಲರ್ ಎನ್ನುವ ತುಂಡುಗಳು ಕಾಣುವುದೇ ಅಪರೂಪ. ಇಂಥವನ್ನು ‘ಅನಿಶ್ಚಿತ’ ಎಂದೇ ಗುರುತಿಸಿ. ಹಡಗನ್ನು ಹಿಮಬಂಡೆ ಎಂದರೆ ಯಾರೋ ಸುತ್ತುಹಾಕಿ ಹೋಗಬೇಕಾದೀತು. ಹಿಮಬಂಡೆಯನ್ನು ಹಡಗು ಎಂದರೆ ಜನರ ಪ್ರಾಣಕ್ಕೇ ಕುತ್ತು. ಸಂಶಯ ಬಂದಾಗ ಹಿಮದ ಕಡೆಗೇ ವಾಲಿ.

ಮುಂದಿನ ಚಿತ್ರ ಸಿಕ್ಕಾಗ ಅನಿಶ್ಚಿತ ಚುಕ್ಕೆಗಳನ್ನು ಮತ್ತೆ ಹುಡುಕಿ. ಪ್ರತಿಯೊಂದರ ಪಕ್ಕದಲ್ಲೂ ಅಕ್ಷಾಂಶ, ರೇಖಾಂಶ, ಅಳತೆಯ ಜೊತೆ ಚಿತ್ರ ತೆಗೆದ ಯುಟಿಸಿ (ಜಾಗತಿಕ ಪ್ರಮಾಣ) ಸಮಯ ಬರೆದಿರಲಿ. ಸೆಕೆಂಡಿಗೆ ಬರೀ 30 ಸೆಂ.ಮೀ. ತೇಲುವ ಬಂಡೆಯೂ ಒಂದೇ ದಿಕ್ಕಿನಲ್ಲಿ ಸಾಗಿದರೆ ಒಂದು ದಿನದಲ್ಲಿ 26 ಕಿ.ಮೀ. ದೂರ ಹೋಗಿರುತ್ತದೆ.