ನರಮಂಡಲದ ನಿಕೋಟಿನಿಕ್ ಗ್ರಾಹಿಗಳ ಜೀನ್ ವರದಿಯನ್ನು ಓದುವ ಕ್ರಮ

ನಿಕೋಟಿನಿಕ್ ಗ್ರಾಹಿ ಎಂದರೆ ಅಸಿಟೈಲ್‌ಕೋಲಿನ್ ಎಂಬ ನರಸಂದೇಶವಾಹಕ ರಾಸಾಯನಿಕಕ್ಕೂ ನಿಕೋಟಿನ್‌ಗೂ ಸ್ಪಂದಿಸುವ, ಜೀವಕೋಶದ ಪೊರೆಯಲ್ಲಿರುವ ಪ್ರೋಟೀನ್; ಅದರ ಜೀನ್‌ಗಳ ಹೆಸರು ಸಿಎಚ್‌ಆರ್‌ಎನ್ ಎಂದು ಆರಂಭವಾಗುತ್ತದೆ. ಜೀನ್ ಪರೀಕ್ಷೆಯ ವರದಿಯಲ್ಲಿ ಇಂಥ ಹೆಸರೊಂದು ಕಂಡರೆ, ಅದರಲ್ಲಿನ ಬದಲಾವಣೆ ರೋಗಕಾರಕವೇ ಎಂದು ಕೇಳುವ ಮೊದಲು ಆ ಜೀನ್ ರೂಪಿಸುವ ಉಪಘಟಕ (ಗ್ರಾಹಿಯ ಒಂದು ಪ್ರೋಟೀನ್ ಭಾಗ) ಯಾವ ಗ್ರಾಹಿಯಲ್ಲಿ ಸೇರಿಕೊಳ್ಳುತ್ತದೆ ಎಂಬುದನ್ನು ನಿರ್ಧರಿಸಿಕೊಳ್ಳಬೇಕು. ಐದು ಉಪಘಟಕಗಳು ಸುತ್ತುವರಿದು ನಿಂತು ನಡುವೆ ಅಯಾನುಗಳ (ವಿದ್ಯುದಾವೇಶವಿರುವ ಕಣಗಳ) ದಾರಿಯನ್ನು ನಿರ್ಮಿಸಿದಾಗ ಮಾತ್ರ ನಿಕೋಟಿನಿಕ್ ಗ್ರಾಹಿ ಕೆಲಸ ಮಾಡುತ್ತದೆ. ಆದ್ದರಿಂದ ಒಂದೇ ಉಪಘಟಕದ ಬದಲಾವಣೆಯನ್ನು ಪ್ರತ್ಯೇಕವಾಗಿ ಓದಿದರೆ ಅರ್ಧ ಮಾತ್ರ ತಿಳಿಯುತ್ತದೆ.

ಮನುಷ್ಯರಲ್ಲಿ ಈ ಕುಟುಂಬದ 16 ಜೀನ್‌ಗಳಿವೆ. ಆಲ್ಫಾ1, ಬೀಟಾ1, ಗಾಮಾ, ಡೆಲ್ಟಾ ಮತ್ತು ಎಪ್ಸಿಲಾನ್ ಉಪಘಟಕಗಳು ಸ್ನಾಯುವಿಗೆ ಸೇರಿದವು. ಇವುಗಳ ದೋಷಗಳಿಂದ ಜನ್ಮಜಾತ ಸ್ನಾಯುದೌರ್ಬಲ್ಯ ಬರಬಹುದಾದರೂ ಅವನ್ನು ಮಿದುಳಿನ ಲಕ್ಷಣಗಳಿಗೆ ಕಾರಣವೆಂದು ಹೇಳಲಾಗದು. ಉಳಿದ 11 ಜೀನ್‌ಗಳನ್ನು, ಅಂದರೆ ಆಲ್ಫಾ2ರಿಂದ ಆಲ್ಫಾ7, ಆಲ್ಫಾ9, ಆಲ್ಫಾ10 ಹಾಗೂ ಬೀಟಾ2ರಿಂದ ಬೀಟಾ4ರವರೆಗಿನವನ್ನು, ನರಮಂಡಲದ ಗುಂಪಿನಲ್ಲಿ ಎಣಿಸುವುದು ರೂಢಿ. (ಆಲ್ಫಾ8 ಹಕ್ಕಿಗಳಲ್ಲಿದೆ, ನಮ್ಮಲ್ಲಿಲ್ಲ.) ಮಿದುಳಿನಲ್ಲಿ ಆಲ್ಫಾ4 ಮತ್ತು ಬೀಟಾ2 ಕೂಡಿದ ಗ್ರಾಹಿ ಹೇರಳವಾಗಿದ್ದು, ಎರಡು ಆಲ್ಫಾ4 ಮೂರು ಬೀಟಾ2 ಇರುವ ಜೋಡಣೆ ಅಸಿಟೈಲ್‌ಕೋಲಿನ್‌ಗೆ ಹೆಚ್ಚು ಸೂಕ್ಷ್ಮವಾಗಿಯೂ, ಅನುಪಾತ ತಿರುಗಿದರೆ ಕಡಿಮೆ ಸೂಕ್ಷ್ಮವಾಗಿಯೂ ವರ್ತಿಸುತ್ತದೆ. ಆಲ್ಫಾ7 ತನ್ನಂಥದೇ ಐದು ಉಪಘಟಕಗಳಿಂದ ಗ್ರಾಹಿಯಾಗಬಲ್ಲದು. ಆಲ್ಫಾ5 ಇತರ ಉಪಘಟಕಗಳ ಜೊತೆಗಷ್ಟೇ ಕೆಲಸ ಮಾಡುತ್ತದೆ.

ಮುಂದಿನ ಹೆಜ್ಜೆ ಬದಲಾದ ಅಮೈನೊ ಆಮ್ಲದ (ಪ್ರೋಟೀನ್ ಸರಪಳಿಯ ಒಂದು ಕೊಂಡಿಯ) ಸ್ಥಾನಸಂಖ್ಯೆಯನ್ನು ಪರಿಶೀಲಿಸುವುದು. ಇಲ್ಲಿ ಎಡವುವವರು ಬಹಳ. ನಿದ್ರೆಯಲ್ಲಿ ಕಾಣಿಸಿಕೊಳ್ಳುವ, ಜೀನ್‌ನ ಒಂದೇ ದೋಷಯುಕ್ತ ಪ್ರತಿಯಿಂದಲೂ ಬರಬಹುದಾದ, ಮಿದುಳಿನ ಮುಂಭಾಗದ ಮೂರ್ಛೆರೋಗಕ್ಕೆ ಸಂಬಂಧಿಸಿ 1995ರಲ್ಲಿ ಆಲ್ಫಾ4ರ ಜೀನ್‌ನಲ್ಲಿ ವರದಿಯಾದ ಬದಲಾವಣೆಯನ್ನು ಹಳೆಯ ಲೇಖನಗಳು 248ನೇ ಸ್ಥಾನದ ಸೆರೀನ್ ಫೀನೈಲಅಲನೀನ್ ಆಗಿದೆ ಎಂದು ಬರೆಯುತ್ತವೆ. ಪ್ರೋಟೀನಿನ ಮೊದಲ ಅಮೈನೊ ಆಮ್ಲದಿಂದ ಎಣಿಸುವ ಇಂದಿನ ಪದ್ಧತಿಯಲ್ಲಿ ಅದೇ ಸ್ಥಾನ 280 ಆಗುತ್ತದೆ. ಈ ರೋಗಕ್ಕೆ ಸಂಬಂಧಿಸಿದ ಬದಲಾವಣೆಗಳು ಬೀಟಾ2 ಮತ್ತು ಆಲ್ಫಾ2ರ ಜೀನ್‌ಗಳಲ್ಲಿಯೂ ದೊರೆತಿವೆ. ಅವು ಹೆಚ್ಚಾಗಿ ಒಂದು ಅಮೈನೊ ಆಮ್ಲವನ್ನಷ್ಟೇ ಬದಲಿಸಿ ಪೊರೆಯೊಳಗಿನ ಭಾಗದಲ್ಲಿ ಗುಂಪುಗೂಡಿರುವುದರಿಂದ, ಆಲ್ಫಾ4ರ ಪ್ರೋಟೀನನ್ನು ಅರ್ಧಕ್ಕೇ ನಿಲ್ಲಿಸುವ ಬದಲಾವಣೆ ಕಂಡಾಗ ಅದೇ ರೋಗವೆಂದು ತೀರ್ಮಾನಿಸುವುದು ಸರಿಯಲ್ಲ. ರೋಗಕಾರಕ ಬದಲಾವಣೆಯಿದ್ದೂ ಲಕ್ಷಣಗಳಿಲ್ಲದವರು ಇಂಥ ಕುಟುಂಬಗಳಲ್ಲಿರುತ್ತಾರೆ ಎಂಬುದನ್ನೂ ನೆನಪಿಡಬೇಕು.

ಅನಂತರ ಆ ರೂಪಾಂತರ (ಜೀನ್‌ನಲ್ಲಿನ ಬದಲಾವಣೆ) ಜನಸಮುದಾಯದಲ್ಲಿ ಎಷ್ಟು ಸಾಮಾನ್ಯ ಎಂಬುದನ್ನು ನೋಡಬೇಕು. ಆಲ್ಫಾ5ರ 398ನೇ ಸ್ಥಾನದಲ್ಲಿ ಆಸ್ಪಾರ್ಟಿಕ್ ಆಮ್ಲದ ಬದಲು ಆಸ್ಪರಜೀನ್ ತರುವ, ಆರ್‌ಎಸ್ 16969968 ಎಂಬ ಗುರುತುಸಂಖ್ಯೆಯ ರೂಪಾಂತರ ಇದಕ್ಕೆ ಒಳ್ಳೆಯ ಉದಾಹರಣೆ. 15ನೇ ವರ್ಣತಂತುವಿನಲ್ಲಿ ಆಲ್ಫಾ5, ಆಲ್ಫಾ3 ಮತ್ತು ಬೀಟಾ4ರ ಜೀನ್‌ಗಳು ಒತ್ತೊತ್ತಾಗಿರುವ ಈ ಪ್ರದೇಶವನ್ನು 2008ರ ಅಧ್ಯಯನಗಳು ಧೂಮಪಾನದ ಪ್ರಮಾಣದೊಂದಿಗೂ ಶ್ವಾಸಕೋಶದ ಕ್ಯಾನ್ಸರ್‌ನೊಂದಿಗೂ ಜೋಡಿಸಿದವು. ಐರೋಪ್ಯ ಮೂಲದವರಲ್ಲಿ ಇದು ಮೂರನೇ ಒಂದರಷ್ಟು ವರ್ಣತಂತುಗಳಲ್ಲಿದ್ದು, ಪೂರ್ವ ಏಷ್ಯಾ ಮತ್ತು ಆಫ್ರಿಕಾ ಮೂಲದವರಲ್ಲಿ ವಿರಳ. ಧೂಮಪಾನಿಗಳಲ್ಲಿ ಒಂದು ಪ್ರತಿಗೆ ದಿನಕ್ಕೆ ಸರಾಸರಿ ಒಂದು ಸಿಗರೇಟಿನಷ್ಟು ಹೆಚ್ಚಳ ಕಂಡುಬಂದಿದೆ. ದೊಡ್ಡ ಗುಂಪಿನಲ್ಲಿ ಇದು ಸ್ಪಷ್ಟ ಅಂಕಿಯಾದರೂ ಒಬ್ಬ ವ್ಯಕ್ತಿಯ ಚಟವನ್ನು ಊಹಿಸಲು ಸಾಲದು. ಆಲ್ಫಾ5 ಇಲ್ಲದ ಇಲಿಗಳು ಸಾಮಾನ್ಯ ಇಲಿಗಳು ದೂರವಿಡುವಷ್ಟು ಹೆಚ್ಚಿನ ಪ್ರಮಾಣದ ನಿಕೋಟಿನನ್ನೂ ಸೇವಿಸುತ್ತಲೇ ಹೋದವು. ಆದ್ದರಿಂದ ಈ ರೂಪಾಂತರದ ಪ್ರಭಾವ ನಿಕೋಟಿನ್ ಅತಿಯಾದಾಗ ಹುಟ್ಟಬೇಕಾದ ಹೇವರಿಕೆ ಕುಗ್ಗುವುದರಲ್ಲಿದೆ ಎಂದು ಭಾವಿಸಲು ಆಧಾರವಿದೆ. ವರದಿಯಲ್ಲಿ ಸಿವೈಪಿ2ಎ6 ಎಂಬ ಜೀನ್ ಕೂಡ ಇದ್ದರೆ ಅದನ್ನು ಬೇರೆಯಾಗಿಯೇ ಓದಬೇಕು. ಅದು ನಿಕೋಟಿನನ್ನು ವಿಘಟಿಸುವ ಯಕೃತ್ತಿನ ಕಿಣ್ವಕ್ಕೆ ಸಂಬಂಧಿಸಿದೆ.

ಆಲ್ಫಾ7ರ ಜೀನ್ ವಿಷಯದಲ್ಲಿ ಇನ್ನೂ ಒಂದು ಎಚ್ಚರ ಅಗತ್ಯ. ಅದರ 5ರಿಂದ 10ರವರೆಗಿನ ಎಕ್ಸಾನ್‌ಗಳು (ಜೀನ್‌ನ ಸಂಕೇತ ಹೊತ್ತ ಭಾಗಗಳು) ಅದೇ ವರ್ಣತಂತುವಿನಲ್ಲಿ ನಕಲಾಗಿ, ಮನುಷ್ಯರಲ್ಲಿ ಮಾತ್ರವಿರುವ ಸಿಎಚ್‌ಆರ್‌ಎಫ್‌ಎಎಂ7ಎ ಎಂಬ ಮಿಶ್ರ ಜೀನ್‌ನ ಭಾಗವಾಗಿವೆ. ಸಣ್ಣ ತುಣುಕುಗಳನ್ನು ಓದುವ ಅನುಕ್ರಮ ಯಂತ್ರಗಳಿಗೆ ಈ ಎರಡನ್ನು ಬೇರ್ಪಡಿಸುವುದು ಕಷ್ಟವಾದ್ದರಿಂದ, ಈ ಎಕ್ಸಾನ್‌ಗಳಲ್ಲಿ ಬದಲಾವಣೆ ಇದೆಯೆಂದಾಗಲೀ ಇಲ್ಲವೆಂದಾಗಲೀ ವರದಿ ಹೇಳಿದರೆ, ನಿಜವಾದ ಆಲ್ಫಾ7ರ ಪ್ರತಿಯನ್ನು ಹೇಗೆ ಗುರುತಿಸಲಾಯಿತು ಎಂದು ಪ್ರಯೋಗಾಲಯವನ್ನು ಕೇಳಲೇಬೇಕು. ದೀರ್ಘ ತುಣುಕುಗಳ ಅನುಕ್ರಮ ಇಲ್ಲಿ ಹೆಚ್ಚು ನಂಬಲರ್ಹ. 15ನೇ ವರ್ಣತಂತುವಿನಲ್ಲಿ ಆಲ್ಫಾ7ರ ಜೀನ್ ಇರುವ 15ಕ್ಯೂ13.3 ಪ್ರದೇಶದ ಸುಮಾರು 15 ಲಕ್ಷ ಬೇಸ್‌ಗಳು (ಡಿಎನ್‌ಎ ಅಕ್ಷರಗಳು) ಕಳೆದುಹೋಗಿವೆ ಎಂದು ವರದಿಯಲ್ಲಿದ್ದರೆ ಮೂರ್ಛೆರೋಗ ಮತ್ತು ಬೌದ್ಧಿಕ ಬೆಳವಣಿಗೆಯ ತೊಂದರೆಯ ಸಂಭವ ಹೆಚ್ಚುವುದು ನಿಜ. ಆದರೆ ಆಲ್ಫಾ7ರ ಜೊತೆಗೆ ಬೇರೆ ಜೀನ್‌ಗಳೂ ಅಲ್ಲಿ ಕಳೆದುಹೋಗಿರುತ್ತವೆ, ಆರೋಗ್ಯವಂತ ತಂದೆಯಲ್ಲೋ ತಾಯಿಯಲ್ಲೋ ಅದೇ ಲೋಪ ಇರುವುದೂ ಉಂಟು. ಹೀಗಾಗಿ ತಂದೆತಾಯಿಯರ ಮಾದರಿಯನ್ನೂ ಪರೀಕ್ಷಿಸಿ, ಫಲಿತಾಂಶವನ್ನು ಜೆನೆಟಿಕ್ ಸಮಾಲೋಚಕರ ಮುಂದಿಟ್ಟ ಮೇಲೆಯೇ ಕಾರಣದ ಬಗ್ಗೆ ನಿರ್ಧಾರಕ್ಕೆ ಬರುವುದು ಸೂಕ್ತ.