ಚೂಪು ಕಮಾನಿನ ಅಳತೆ: ನಾನು ಮಾಡುವ ರೀತಿ

ಮುಂಬೈಯಲ್ಲಿ ಹಳೆಯ ಕಟ್ಟಡಗಳ ಅಳತೆ ತೆಗೆದು ನಕ್ಷೆ ಬರೆಯುವುದು ನನ್ನ ಕೆಲಸ. ಅದರಲ್ಲಿ ವಿಕ್ಟೋರಿಯನ್ ಗೋಥಿಕ್‌ನದೇ ಜಾಸ್ತಿ ಪಾಲು. ಯುರೋಪಿನ ಮಧ್ಯಯುಗದ ಚರ್ಚುಗಳ ಚೂಪು ಕಮಾನನ್ನು ಹತ್ತೊಂಬತ್ತನೇ ಶತಮಾನದ ಇಂಗ್ಲಿಷರು ಮತ್ತೆ ಚಾಲ್ತಿಗೆ ತಂದರು. 1860ರ ದಶಕದಲ್ಲಿ ಇಲ್ಲಿನ ಕೋಟೆ ಗೋಡೆ ಒಡೆದು ಜಾಗ ಸಿಕ್ಕಿತು ನೋಡಿ, ಕೋರ್ಟು, ಯೂನಿವರ್ಸಿಟಿ, ಆಮೇಲೆ ರೈಲು ನಿಲ್ದಾಣ, ಎಲ್ಲಕ್ಕೂ ಅದೇ ಶೈಲಿ.

ಹೊಸಬರು ಕಮಾನನ್ನು ಕಣ್ಣಂದಾಜಿನಲ್ಲಿ ಬಗ್ಗಿಸಿ ಬರೆದುಬಿಡುತ್ತಾರೆ. ಹಾಗೆ ಮಾಡಬೇಡಿ. ಎರಡು ಅಳತೆ ಸಾಕು: ಬಾಗು ಶುರುವಾಗುವ ಮಟ್ಟದಲ್ಲಿ ಅಗಲ, ಅಲ್ಲಿಂದ ತುದಿವರೆಗೆ ಎತ್ತರ. ಅರ್ಧ ಅಗಲದ ವರ್ಗ, ಎತ್ತರದ ವರ್ಗ ಕೂಡಿಸಿ. ಪೂರ್ತಿ ಅಗಲದಿಂದ ಭಾಗಿಸಿ. ಚೂಪು ಕಮಾನು ಅಂದರೆ ತುದಿಯಲ್ಲಿ ಕೂಡುವ ಎರಡು ವೃತ್ತದ ತುಂಡುಗಳು; ಬಂದದ್ದು ಆ ವೃತ್ತಗಳ ತ್ರಿಜ್ಯ. ಅಗಲ 120, ಎತ್ತರ 104 ಸೆಂ.ಮೀ. ಇದ್ದರೆ ತ್ರಿಜ್ಯವೂ ಸುಮಾರು 120. ಅಂದರೆ ಕೈವಾರದ ಮುಳ್ಳು ಎದುರು ಬದಿಯ ಬುಡದಲ್ಲೇ ಕೂರುತ್ತದೆ. ತ್ರಿಜ್ಯ ಅಗಲಕ್ಕಿಂತ ಜಾಸ್ತಿಯಾದರೆ ಮುಳ್ಳು ಆಚೆ ಹೋಗುತ್ತದೆ, ಕಮಾನು ಸಪೂರ. ಅದೇ ಲ್ಯಾನ್ಸೆಟ್. ಕಡಿಮೆಯಾದರೆ ಮುಳ್ಳು ಒಳಗೆ, ಕಮಾನು ಕುಳ್ಳು. ಆಮೇಲೆ ಬಾಗಿನ ನಡುವೆ ಇನ್ನೊಂದು ಕಡೆ ಅಳೆದು ತಾಳೆ ನೋಡುತ್ತೇನೆ. ಹೊಂದದಿದ್ದರೆ ಕಮಾನು ಜಗ್ಗಿರಬಹುದು, ಇಲ್ಲವೇ ಅದು ನಾಲ್ಕು ಕೇಂದ್ರದ್ದಿರಬಹುದು, ಅಂದರೆ ಎರಡರ ಬದಲು ನಾಲ್ಕು ವೃತ್ತದ ತುಂಡು ಸೇರಿಸಿದ್ದು.

ಕಮಾನಿನ ಅಂಚಿನ ಉಬ್ಬುತಗ್ಗಿಗೆ ಪ್ರೊಫೈಲ್ ಗೇಜ್ ಬೇಕು, ಒತ್ತಿದರೆ ಕಲ್ಲಿನ ಆಕಾರ ಹಿಡಿಯುವ ಬಾಚಣಿಗೆಯಂಥ ಸಾಧನ. ಮೆಲ್ಲಗೆ ಒತ್ತಿ. ಮಳೆ ಬೀಳುವ ಕಡೆ ಕಲ್ಲು ಸವೆದಿರುತ್ತದೆ. ಮೂಲ ಗೆರೆ ಬೇಕಿದ್ದರೆ ನೆರಳಿನ ಮೂಲೆ ಹುಡುಕಿ.

ಯೂನಿವರ್ಸಿಟಿಯ ಗಡಿಯಾರ ಗೋಪುರವಾದ ರಾಜಾಬಾಯಿ ಗೋಪುರದ (1878) ನಕ್ಷೆ ಇಂಗ್ಲಿಷ್ ವಾಸ್ತುಶಿಲ್ಪಿ ಜಾರ್ಜ್ ಗಿಲ್ಬರ್ಟ್ ಸ್ಕಾಟ್‌ರದು. ಅವರು ಭಾರತಕ್ಕೆ ಬರಲೇ ಇಲ್ಲ, ಲಂಡನ್ನಿನಲ್ಲಿ ಕೂತೇ ಬರೆದರು! ಗೋಪುರ ಚೆಂದವೇ. ಆದರೆ ನನಗೆ ಇಲ್ಲಿನ ಎಂಜಿನಿಯರುಗಳಾದ ಫುಲ್ಲರ್‌ರ ಹೈಕೋರ್ಟು, ವಿಲ್ಕಿನ್ಸ್‌ರ ಹಳೆಯ ಸಚಿವಾಲಯವೇ ಹೆಚ್ಚು ಇಷ್ಟ. ಮುಂದೆ ಕಮಾನುಗಳ ಸಾಲು, ಹಿಂದೆ ವರಾಂಡ, ಅದರ ಹಿಂದೆ ನಿಜವಾದ ಗೋಡೆ. ಬಿಸಿಲು ಮಳೆಗೆ ಬೇರೆ ದಾರಿ ಏನಿತ್ತು, ಅಲ್ವಾ? ಇಂಥ ಕಟ್ಟಡಕ್ಕೆ ನಾನು ಮೊದಲು ಸೀಳುನೋಟ (ಕಟ್ಟಡವನ್ನು ಮೇಲಿಂದ ಕೆಳಗೆ ಕತ್ತರಿಸಿದಂತೆ ತೋರಿಸುವ ನಕ್ಷೆ) ಬರೆಯುತ್ತೇನೆ, ಮುಂಭಾಗ ಆಮೇಲೆ. ಮುಂಭಾಗದಿಂದ ಶುರು ಮಾಡಿದರೆ ಎರಡು ಪದರ ಒಂದೇ ಆಗಿ ಕಾಣುತ್ತವೆ.

ಕೆತ್ತನೆಯನ್ನು ಅಳೆಯಲು ಹೋಗುವುದಿಲ್ಲ. ಅಳತೆಪಟ್ಟಿ ಪಕ್ಕಕ್ಕಿಟ್ಟು ನೇರ ಎದುರಿನಿಂದ ಫೋಟೊ ತೆಗೆಯುತ್ತೇನೆ. ವಿಕ್ಟೋರಿಯಾ ಟರ್ಮಿನಸ್ ರೈಲು ನಿಲ್ದಾಣದ (ಈಗಿನ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್) ಕೆತ್ತನೆಯಲ್ಲಿ ಜೆ.ಜೆ. ಕಲಾಶಾಲೆಯ ವಿದ್ಯಾರ್ಥಿಗಳ ಕೈಯಿದೆ. ಕಂಬದ ತಲೆಗಳು ದೂರದಿಂದ ಒಂದೇ ಥರ ಕಂಡರೂ ಎಲೆ, ಹಕ್ಕಿ ಬೇರೆ ಬೇರೆ ಇರಬಹುದು. ಕಂಪ್ಯೂಟರಿನಲ್ಲಿ ಒಂದನ್ನು ಬರೆದು ಸುಮ್ನೆ ಉಳಿದವಕ್ಕೆಲ್ಲ ಅಂಟಿಸಬೇಡಿ.