ಲೈಸೋಜೈಮ್ ಕ್ರಿಸ್ಟಲ್ ಬೆಳೆಸೋದು ಹೇಗೆ, ಅದೂ ನಮ್ಮೂರ ಸೆಕೆಯಲ್ಲಿ

ಸ್ಟ್ರಕ್ಚರಲ್ ಬಯಾಲಜಿ ಲ್ಯಾಬಿಗೆ, ಅಂದ್ರೆ ಪ್ರೋಟೀನನ್ನು ಕ್ರಿಸ್ಟಲ್ ಮಾಡಿ ಎಕ್ಸ್‌ರೇಯಿಂದ ಅದರ ಆಕಾರ ಬಿಡಿಸುವ ಲ್ಯಾಬಿಗೆ, ಹೊಸದಾಗಿ ಸೇರಿದವರಿಗೆ ಮೊದಲ ವಾರವೇ ಸಿಗುವ ಕೆಲಸ ಲೈಸೋಜೈಮ್ ಕ್ರಿಸ್ಟಲ್. ಕೋಳಿಮೊಟ್ಟೆಯ ಬಿಳಿಯಲ್ಲಿರುವ ಪ್ರೋಟೀನ್ ಮಾರಾಯ್ರೆ, ಎಲ್ಲರಿಗೂ ಬರ್ತದೆ, ಒಂದೇ ರಾತ್ರಿಗೆ ಬರ್ತದೆ ಅಂತ ಸೀನಿಯರ್ಸ್ ಹೇಳ್ತಾರೆ. ನಂಗೆ ಬರ್ಲಿಲ್ಲ. ಮೂರು ಪ್ಲೇಟ್ ಹಾಕಿದೆ (ಗುಳಿ ಗುಳಿ ಇರುವ ತಟ್ಟೆ, ಒಂದೊಂದು ಗುಳಿಯ ಮೇಲೆ ಪ್ರೋಟೀನಿನ ಒಂದು ಹನಿ, ಅದೇ ಡ್ರಾಪ್), ಅರ್ಧದಷ್ಟು ಡ್ರಾಪ್ ನೀರಿನ ಹಾಗೆ ತಿಳಿಯಾಗಿಯೇ ಉಳಿದವು, ಇನ್ನರ್ಧದಲ್ಲಿ ಸೂಜಿ ಗೊಂಚಲಿನ ಹಾಗೆ ಎಂತದೋ ಬಂತು, ಅದನ್ನು ತೋರಿಸಿದ್ರೆ ಗೈಡ್ ಸುಮ್ನೆ ನಕ್ಕರು. ಆಮೇಲೆ ಸೀನಿಯರ್ ಅಕ್ಕ ಬಂದು ಕೇಳಿದ್ದು ಒಂದೇ ಪ್ರಶ್ನೆ, "ಎಲ್ಲಿ ಇಟ್ಟಿದ್ದಿ?" ಮೇಜಿನ ಮೇಲೆ ಅಂದೆ, ಪ್ರೋಟೋಕಾಲಲ್ಲಿ ರೂಮ್ ಟೆಂಪರೇಚರ್ ಅಂತ ಉಂಟಲ್ವ. ಅದನ್ನು ಬರೆದವರ ರೂಮ್ 20 ಡಿಗ್ರಿ, ಏಪ್ರಿಲಲ್ಲಿ ಮಣಿಪಾಲದ ಹತ್ತಿರ ನಮ್ಮ ರೂಮ್ 32. ಎಲ್ಲಾ ಎಡವಟ್ಟು ಅಲ್ಲೇ.

ಲೈಸೋಜೈಮ್ ಬಿಸಿ ಜಾಸ್ತಿ ಆದಷ್ಟು ಹೆಚ್ಚು ಕರಗ್ತದೆ, ಹಾಗಾಗಿ 20ರಲ್ಲಿ ಕ್ರಿಸ್ಟಲ್ ಬರುವ ಡ್ರಾಪ್ 32ರಲ್ಲಿ ಸುಮ್ನೆ ಕೂತಿರ್ತದೆ. ಅದು ಸಾಲದು ಅಂತ ಸುಮಾರು 25 ಡಿಗ್ರಿ ದಾಟಿದ್ರೆ ಪುಸ್ತಕದಲ್ಲಿರುವ ಚಂದದ ಟೆಟ್ರಾಗೋನಲ್ ಆಕಾರ ಬಿಟ್ಟು ಆರ್ಥೋರಾಂಬಿಕ್ ಅನ್ನುವ ಬೇರೆ ಜೋಡಣೆ ಕಡೆ ವಾಲ್ತದೆ. ಹಾಗಾಗಿ ಮೊದಲ ಕೆಲಸ, ಪ್ಲೇಟ್ ಹಾಕುವ ಮುಂಚೆ 18ರಿಂದ 20 ಡಿಗ್ರಿಯ ಇನ್‌ಕ್ಯುಬೇಟರಲ್ಲಿ ಜಾಗ ಹಿಡಿದುಕೊಳ್ಳಿ. ಅದರೊಳಗೆ ಮುಚ್ಚಳ ಇರುವ ಥರ್ಮಾಕೋಲ್ ಪೆಟ್ಟಿಗೆ ಇಡಿ, ಮಲ್ಪೆಯಲ್ಲಿ ಮೀನು ತುಂಬಿಸ್ತಾರಲ್ಲ ಆ ನಮೂನೆಯದ್ದು, ತೊಳೆದದ್ದು ಆಗ್ಬೇಕು ಅಂತ ಬೇರೆ ಹೇಳ್ಬೇಕಾಗಿಲ್ಲ. ಮಳೆಗಾಲದಲ್ಲಿ ಕರೆಂಟ್ ಹೋಗಿ ಬಂದು ಮಾಡುವಾಗ ಟೆಂಪರೇಚರ್ ಮೇಲೆ ಕೆಳಗೆ ಆಗೋದನ್ನು ಆ ಪೆಟ್ಟಿಗೆ ನಿಧಾನ ಮಾಡ್ತದೆ, ನಾವು ಇದನ್ನು ಕಲಿತದ್ದು ಎರಡು ಪ್ಲೇಟ್ ಹಾಳಾದ ಮೇಲೆ.

ಈಗ ಸೊಲ್ಯೂಷನ್. ಲೈಸೋಜೈಮ್ ಪೌಡರನ್ನು 20 ಮಿಲಿಮೋಲಾರ್ ಸೋಡಿಯಂ ಅಸಿಟೇಟ್, ಪಿಎಚ್ 4.6ರಲ್ಲಿ ಕರಗಿಸಿ, ಒಂದು ಮಿಲಿಲೀಟರಿಗೆ 50 ಮಿಲಿಗ್ರಾಂ. ವೋರ್ಟೆಕ್ಸ್ ಮಾಡ್ಬೇಡಿ, ಅಂದ್ರೆ ಮೆಶಿನಲ್ಲಿಟ್ಟು ಜೋರಾಗಿ ಅಲ್ಲಾಡಿಸ್ಬೇಡಿ, ನೊರೆ ಬಂದ್ರೆ ಪ್ರೋಟೀನ್ ಕೆಡ್ತದೆ, ಟ್ಯೂಬನ್ನು ಮೆಲ್ಲ ತಿರುಗಿಸಿದ್ರೆ ಸಾಕು. ಮತ್ತೆ 4 ಡಿಗ್ರಿಯಲ್ಲಿ 13,000 ಆರ್‌ಪಿಎಂ, ಹತ್ತು ನಿಮಿಷ ಸೆಂಟ್ರಿಫ್ಯೂಜ್ ಮಾಡಿ ಮೇಲಿನ ತಿಳಿ ಮಾತ್ರ ತಗೊಳ್ಳಿ, ಕಸದ ಕಣ ಇದ್ರೆ ಅದರ ಸುತ್ತಲೇ ನೂರು ಚಿಕ್ಕ ಕ್ರಿಸ್ಟಲ್ ಹುಟ್ಕೊಳ್ತದೆ. ಅದರಿಂದಲೇ 40, 30, 20 ಮಿಲಿಗ್ರಾಂಗೆ ತೆಳು ಮಾಡಿದ ಡೈಲ್ಯೂಷನ್ ಮಾಡಿ ಇಟ್ಕೊಳ್ಳಿ.

ವೆಲ್ಲಿಗೆ, ಅಂದ್ರೆ ಪ್ಲೇಟಿನ ಗುಳಿಗೆ, 20% ಸೋಡಿಯಂ ಕ್ಲೋರೈಡ್ ಸ್ಟಾಕ್, 1 ಮೋಲಾರ್ ಅಸಿಟೇಟ್ ಪಿಎಚ್ 4.6 ಸ್ಟಾಕ್, ನೀರು, ಇಷ್ಟೇ. 24 ವೆಲ್ ಪ್ಲೇಟಲ್ಲಿ ಆರು ಕಾಲಂ ಉಂಟು, ಅದ್ರಲ್ಲಿ ಉಪ್ಪು 3, 4, 5, 6, 7, 8% ಹಾಕಿ, ನಾಲ್ಕು ಸಾಲಿಗೆ ನಾಲ್ಕು ಪ್ರೋಟೀನ್ ಡೈಲ್ಯೂಷನ್. ಲೆಕ್ಕ ಸುಲಭ, 500 ಮೈಕ್ರೋಲೀಟರ್ ವೆಲ್ಲಿಗೆ ಒಂದೊಂದು ಪರ್ಸೆಂಟಿಗೆ 25 ಮೈಕ್ರೋಲೀಟರ್ ಉಪ್ಪಿನ ಸ್ಟಾಕ್. ಅಂದ್ರೆ 6% ಬೇಕಾದ್ರೆ 150 ಉಪ್ಪು, 50 ಅಸಿಟೇಟ್, 300 ನೀರು. ಹಾಕಿದ್ಮೇಲೆ ಪ್ಲೇಟನ್ನು ಮೆಲ್ಲ ಅಲ್ಲಾಡಿಸಿ, ಇಲ್ಲಾಂದ್ರೆ ಉಪ್ಪು ಅಡಿಯಲ್ಲೇ ಕೂತಿರ್ತದೆ.

ವೆಲ್ಲಿನ ಅಂಚಿಗೆ ಸಿರಿಂಜಿಂದ ವ್ಯಾಕ್ಯೂಮ್ ಗ್ರೀಸ್ ಬಳೆಯ ಹಾಗೆ ಸುತ್ತ ಬಿಡಿ. ವೆಲ್ ಮುಚ್ಚುವ ತೆಳು ಗಾಜು ಸಿಲಿಕೋನೈಸ್ ಮಾಡಿದ ಕವರ್‌ಸ್ಲಿಪ್ಪೇ ಆಗ್ಬೇಕು, ಬರೀ ಗಾಜಿನದ್ದಾದ್ರೆ ಡ್ರಾಪ್ ಹರಡಿ ಹೋಗ್ತದೆ. ಧೂಳು ತೆಗಿಲಿಕ್ಕೆ ಬಾಯಿಂದ ಊದ್ಬೇಡಿ, ಎಂಜಲಲ್ಲೂ ಲೈಸೋಜೈಮ್ ಉಂಟು. ಹಾಗೆ ನೋಡಿದ್ರೆ 1921ರಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗಿಗೆ ಇದು ಸಿಕ್ಕಿದ್ದೇ ಶೀತ ಆದವರ ಮೂಗಿನ ಸಿಂಬಳದಿಂದ, ಪೆನಿಸಿಲಿನಿಗಿಂತ ಮುಂಚೆ. ಸ್ಲಿಪ್ಪಿನ ನಡುವಲ್ಲಿ 2 ಮೈಕ್ರೋಲೀಟರ್ ಪ್ರೋಟೀನ್ ಇಡಿ, ಅದರ ಮೇಲೆಯೇ 2 ಮೈಕ್ರೋಲೀಟರ್ ಆ ವೆಲ್ಲಿನ ಸೊಲ್ಯೂಷನ್. ಪಿಪೆಟ್ಟನ್ನು ಎರಡನೇ ಸ್ಟಾಪ್ ತನಕ ಒತ್ಬೇಡಿ, ಗುಳ್ಳೆ ಬರ್ತದೆ. ಕಲಕ್ಬೇಡಿ ಕೂಡ. ಸ್ಲಿಪ್ಪನ್ನು ಫೋರ್ಸೆಪ್ಸಲ್ಲಿ ಹಿಡಿದು ಒಂದೇ ಸಲಕ್ಕೆ ಮಗುಚಿ ವೆಲ್ಲಿನ ಮೇಲಿಟ್ಟು ಗ್ರೀಸಿಗೆ ಒತ್ತಿ ಸ್ವಲ್ಪ ತಿರುಗಿಸಿ, ಹೆದರಿ ನಿಧಾನ ಮಾಡಿದ್ರೇ ಡ್ರಾಪ್ ಜಾರೋದು. ಒಂದು ಸಾಲು ಮುಗಿಯುವ ತನಕ ಫ್ಯಾನ್ ಆಫ್ ಇರ್ಲಿ, ಸೆಕೆ ತಡ್ಕೊಳ್ಳಿ, ಅಷ್ಟು ಚಿಕ್ಕ ಡ್ರಾಪ್ ಫ್ಯಾನಿಗೆ ಕಣ್ಣೆದುರೇ ಒಣಗ್ತದೆ.

ಒಳಗೆ ಎಂತ ಆಗ್ತದೆ ಅಂದ್ರೆ ಕಲ್ಲುಸಕ್ಕರೆ ಮಾಡುವಾಗ ಪಾಕದಿಂದ ನೀರು ನಿಧಾನ ಹೋಗಿ ಹರಳು ಕಟ್ತದಲ್ಲ, ಅದೇ. ಡ್ರಾಪಲ್ಲಿ ಉಪ್ಪು ವೆಲ್ಲಿನ ಅರ್ಧದಷ್ಟು ಉಂಟು, ಎರಡೂ ಸಮ ಆಗುವ ತನಕ ಡ್ರಾಪಿನ ನೀರು ಆವಿಯಾಗಿ ವೆಲ್ಲಿಗೆ ಹೋಗ್ತದೆ, ಡ್ರಾಪ್ ಸುಮಾರು ಅರ್ಧಕ್ಕೆ ಇಳಿತದೆ, ಪ್ರೋಟೀನ್ ಕರಗಿ ಇರ್ಲಿಕ್ಕೆ ಜಾಗ ಸಾಲದೆ ಸಾಲಾಗಿ ಜೋಡಿಸ್ಕೊಳ್ತದೆ. ಇದು ಆಗ್ಬೇಕಾದ್ರೆ ಪ್ಲೇಟ್ ಅಲ್ಲಾಡ್ಬಾರ್ದು. ಹನ್ನೆರಡು ಗಂಟೆ ನೋಡ್ಲೇಬೇಡಿ. ನಾನು ಗಂಟೆಗೊಮ್ಮೆ ತೆಗೆದು ನೋಡ್ತಿದ್ದೆ, ಒಲೆ ಮೇಲಿಟ್ಟ ಕಡುಬಿನ ಮುಚ್ಚಳ ತೆಗೆದು ತೆಗೆದು ನೋಡಿದ ಹಾಗೆ.

ಮರುದಿನ ಮೈಕ್ರೋಸ್ಕೋಪಲ್ಲಿ ಹಾಲು ಒಡೆದ ಹಾಗೆ ಕಂಡ್ರೆ ಪ್ರೋಟೀನ್ ಜಾಸ್ತಿ ಆಯ್ತು, ಅರ್ಧ ಮಾಡಿ. ಸಕ್ಕರೆ ಚೆಲ್ಲಿದ ಹಾಗೆ ಪುಡಿ ಪುಡಿ ಕ್ರಿಸ್ಟಲ್ ಬಂದ್ರೆ ಬೇಜಾರು ಮಾಡ್ಬೇಡಿ, ನೀವು ಹತ್ತಿರ ಬಂದಿದ್ದೀರಿ, ಉಪ್ಪು ಒಂದು ಪರ್ಸೆಂಟ್ ಇಳಿಸಿ. ತಿಳಿ ಇದ್ರೆ ಇನ್ನೂ ಮೂರು ದಿನ ಬಿಡಿ. ಘನಾಕಾರದ ದೊಡ್ಡ ಹರಳು ಬಂದು ಡ್ರಾಪ್ ಒಣಗಿದ್ರೆ ಅದು ಬರೀ ಉಪ್ಪು, ಗ್ರೀಸ್ ಎಲ್ಲೋ ಬಿಟ್ಟಿದೆ. ಡೌಟ್ ಇದ್ರೆ ಮೈಕ್ರೋಸ್ಕೋಪಿನ ಪೋಲರೈಸರ್ ಫಿಲ್ಟರ್ ತಿರುಗಿಸಿ ನೋಡಿ, ಸೋಡಿಯಂ ಕ್ಲೋರೈಡ್ ಕತ್ತಲಾಗಿಯೇ ಇರ್ತದೆ, ಲೈಸೋಜೈಮ್ ಸಾಮಾನ್ಯವಾಗಿ ಬಣ್ಣ ತೋರಿಸ್ತದೆ. ಇಲ್ಲಾಂದ್ರೆ ಒಂದನ್ನು ಬಲಿ ಕೊಟ್ಟು ಸೂಜಿಯಿಂದ ಒತ್ತಿ, ಉಪ್ಪು ಕಟ್ ಅಂತ ಒಡಿತದೆ, ಪ್ರೋಟೀನ್ ಮೆತ್ತಗೆ ಪುಡಿ ಆಗ್ತದೆ, ಯಾಕಂದ್ರೆ ಅದರೊಳಗೆ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ನೀರೇ.

ನಮ್ಮ ಲ್ಯಾಬಲ್ಲಿ ಮೊದಲ ಕ್ರಿಸ್ಟಲ್ ಬಂದವರು ಎಲ್ಲರಿಗೂ ಬನ್ಸ್ ತರ್ಬೇಕು ಅಂತ ರೂಲ್. ಲೈಸೋಜೈಮ್ ಸ್ಟ್ರಕ್ಚರನ್ನು ಲಂಡನ್ನಿನಲ್ಲಿ ಡೇವಿಡ್ ಫಿಲಿಪ್ಸ್ ತಂಡ 1965ರಲ್ಲೇ ಬಿಡಿಸಿ ಆಗಿದೆ, ಎಕ್ಸ್‌ರೇಯಿಂದ ಆಕಾರ ತಿಳಿದ ಮೊದಲ ಎನ್‌ಜೈಮ್ ಅದು, ಹಾಗಾಗಿ ನಿಮ್ಮ 129 ಅಮೈನೋ ಆಸಿಡ್ ಯಾರಿಗೂ ಹೊಸ ಸುದ್ದಿ ಅಲ್ಲ. ಪ್ರೋಟೀನಿನ ಆಕಾರವನ್ನು ಊಹಿಸಿ ಹೇಳುವ ಎಐ ಪ್ರೋಗ್ರಾಂ ಆಲ್ಫಾಫೋಲ್ಡ್ ಇರುವಾಗ ಇದೆಲ್ಲ ಎಂತಕ್ಕೆ ಅಂತ ಕೇಳುವವರೂ ಇದ್ದಾರೆ, ಅದು ಕಲಿತದ್ದೇ 1971ರಲ್ಲಿ 7 ಸ್ಟ್ರಕ್ಚರಿಂದ ಶುರುವಾಗಿ ಈಗ 2 ಲಕ್ಷ ದಾಟಿದ, ಬಿಡಿಸಿದ ಸ್ಟ್ರಕ್ಚರನ್ನೆಲ್ಲ ಕೂಡಿಡುವ ಪ್ರೋಟೀನ್ ಡೇಟಾ ಬ್ಯಾಂಕಿಂದ ಅಂತ ಹೇಳಿ ಕಳಿಸಿ.

ಎಕ್ಸ್‌ರೇಗೆ ಇಡ್ಲಿಕ್ಕೆ ಕ್ರಿಸ್ಟಲ್ ಎತ್ತಿ ತಣ್ಣಗೆ ಮಾಡುವಾಗ ಮಾತ್ರ ನಮ್ಮ ಕಡೆಯ ತೇವ ಕಾಟ ಕೊಡ್ತದೆ. ವೆಲ್ಲಿನ ಸೊಲ್ಯೂಷನಿಗೆ 25% ಗ್ಲಿಸರಾಲ್ ಬರುವ ಹಾಗೆ ಬೇರೆ ಮಾಡಿಟ್ಟು, ಕ್ರಿಸ್ಟಲನ್ನು ಲೂಪಲ್ಲಿ (ಕಡ್ಡಿ ತುದಿಯ ಪುಟ್ಟ ಕುಣಿಕೆ) ಎತ್ತಿ ಅದರಲ್ಲಿ ಕೆಲವು ಸೆಕೆಂಡ್ ಅದ್ದಿ, ನೇರ ಲಿಕ್ವಿಡ್ ನೈಟ್ರೋಜನಿಗೆ. ಅದು ಮೈನಸ್ 196 ಡಿಗ್ರಿ, ಜುಲೈಯ ಗಾಳಿ ತಾಗಿದ್ರೆ ಲೂಪ್ ಮೇಲೆ ಕೂಡ್ಲೇ ಹಿಮ ಕಟ್ತದೆ, ಮತ್ತೆ ಎಕ್ಸ್‌ರೇ ಹಾಯಿಸಿ ತೆಗೆಯುವ ಡಿಫ್ರ್ಯಾಕ್ಷನ್ ಚಿತ್ರದಲ್ಲಿ 3.9, 3.67, 3.44 ಆಂಗ್‌ಸ್ಟ್ರಮ್ ಹತ್ತಿರ ದಪ್ಪ ರಿಂಗ್ ಬಂದು ನಿಮ್ಮ ಸ್ಪಾಟನ್ನೆಲ್ಲ ನುಂಗ್ತದೆ. ಹಾಗಾಗಿ ಎಸಿಯನ್ನು ಎರಡು ಗಂಟೆ ಮುಂಚೆ ಹಾಕಿ ರೂಮ್ ಒಣಗಿಸಿ, ಕಿಟಕಿ ಬಾಗಿಲು ಮುಚ್ಚಿ, ನೈಟ್ರೋಜನ್ ಇರುವ ಥರ್ಮೋಸಿನ ಹಾಗಿನ ಪಾತ್ರೆ ಡ್ಯುವಾರಿಗೆ ಮುಚ್ಚಳ ಇರ್ಲಿ, ನೈಟ್ರೋಜನಲ್ಲಿ ಬಿಳಿ ಪುಡಿ ತೇಲ್ಲಿಕ್ಕೆ ಶುರುವಾದ್ರೆ ಚೆಲ್ಲಿ ಹೊಸದು ತುಂಬಿಸಿ. ಚೆಲ್ಲುವಾಗ ಬಾಗಿಲು ತೆಗಿರಿ ಮತ್ತೆ, ಮುಚ್ಚಿದ ರೂಮಲ್ಲಿ ಅದು ಆಮ್ಲಜನಕ ಓಡಿಸ್ತದೆ.